‘ಈಗ ಏನ್ ಮಾಡಾಕತ್ತಿ?’ ಅಂತ ಕೇಳಿದರೆ ಏನು ಹೇಳಲಿ?

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. 2018ರಲ್ಲಿ ಬಿಎಸ್ಸಿ ಮುಗಿಸಿ ಸರ್ಕಾರಿ ನೌಕರಿ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದವನು ಇನ್ನೂ ಸಪ್ತಾಪುರದ ರೂಮಿನಲ್ಲೇ ಇದ್ದೇನೆ. ಏಳು ವರ್ಷ ಆಯ್ತು. 545 ಹುದ್ದೆಯ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ ಬರೆದೆ, ರದ್ದಾಯಿತು. ಮತ್ತೆ ಬರೆದೆ, ಸ್ವಲ್ಪದರಲ್ಲಿ ಹೋಯಿತು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್ ಪ್ರಿಲಿಮ್ಸ್ ಎಲ್ಲಾ ಬರೆದಿದ್ದೇನೆ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಗೋವಿನಜೋಳ ಹಾಕುತ್ತಾರೆ. ತಿಂಗಳು ತಿಂಗಳು ಅವರೇ ದುಡ್ಡು ಕಳಿಸೋದು. ಊರಲ್ಲಿ ಎಲ್ಲರೂ ನನ್ನನ್ನ ‘ಸಾಹೇಬ್ರು’ ಅಂತಾರೆ. ಮೊದಲು ಖುಷಿ ಆಗ್ತಿತ್ತು, ಈಗ ಚುಚ್ಚಿದ ಹಾಗಾಗುತ್ತೆ. ಎರಡು ವರ್ಷದಿಂದ ಯಾರ ಮದುವೆಗೂ ಹೋಗಿಲ್ಲ. ಮಾವನ ಪರಿಚಯದ ಒಂದು ಡ್ರಿಪ್ ನೀರಾವರಿ ಕಂಪನಿಯಲ್ಲಿ ಫೀಲ್ಡ್ ಕೆಲಸ ಇದೆಯಂತೆ, ತಿಂಗಳಿಗೆ 18 ಸಾವಿರ. ಹೋಗಬೇಕು ಅನಿಸಲ್ಲ. ಹಾಗಂತ ಓದೋಕೂ ಕೂರೋಕೆ ಆಗ್ತಿಲ್ಲ. ರೀಡಿಂಗ್ ರೂಮಿನಲ್ಲಿ ಜೂನಿಯರ್ ಹುಡುಗರಿಗೆ ಮೆಂಟಲ್ ಎಬಿಲಿಟಿ ಹೇಳಿಕೊಡುವಾಗ ಮಾತ್ರ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ರಾತ್ರಿ ನಿದ್ದೆ ಇಲ್ಲ. ಬಿಟ್ಟುಬಿಡಲಾ? ಆದರೆ ಇದನ್ನ ಬಿಟ್ಟರೆ ನಾನು ಯಾರು ಅಂತಾನೇ ಗೊತ್ತಾಗ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಬಿಡಲಾ ಬೇಡವಾ ಅನ್ನೋದು ಒಂದು, ಬಿಟ್ಟರೆ ನಾನು ಯಾರು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳುವವರು ನಿಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ‘ಇನ್ನೊಂದು ಅಟೆಂಪ್ಟ್ ಕೊಡಲೇ’ ಅನ್ನುವ ರೂಮ್‌ಮೇಟ್ ಇದ್ದಾನೆ, ‘ಸಾಕು ಬಾರೋ’ ಅನ್ನುವ ಮಾವ ಇದ್ದಾರೆ. ಎರಡನೆಯದನ್ನು ಮಾತ್ರ ಯಾರೂ ಕೇಳಿಸಿಕೊಂಡ ಹಾಗಿಲ್ಲ. ನನಗೆ ಅನಿಸುವುದು ಏನಂದರೆ, ಎರಡನೆಯದು ಗಂಟಲಲ್ಲಿ ಸಿಕ್ಕಿಕೊಂಡಿರುವುದಕ್ಕೇ ಮೊದಲನೆಯದು ಏಳು ವರ್ಷದಿಂದ ಬಗೆಹರಿದಿಲ್ಲ. ಅದಕ್ಕೆ ಹಿಂದಿನಿಂದ ಶುರು ಮಾಡುತ್ತೇನೆ.

ಸಪ್ತಾಪುರದಲ್ಲಿ ಇಬ್ಬರು ಹುಡುಗರು ಹೊಸದಾಗಿ ಪರಿಚಯ ಆದರೆ ಹೆಸರಿಗಿಂತ ಮೊದಲು ‘ಯಾವ ಎಕ್ಸಾಮ್?’ ಅಂತ ಕೇಳುತ್ತಾರೆ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗನ ಮೊಬೈಲಿನಲ್ಲಿ ಗೆಳೆಯರ ಹೆಸರೆಲ್ಲ ‘ಮಂಜು ಪಿಎಸ್‌ಐ’, ‘ಬಸು ಎಫ್‌ಡಿಎ’ ಅಂತ ಸೇವ್ ಆಗಿದ್ದವು. ಅವರಲ್ಲಿ ಒಬ್ಬರೂ ಇನ್ನೂ ಯಾವ ಹುದ್ದೆಯಲ್ಲೂ ಇರಲಿಲ್ಲ. ಅವನು ಅದನ್ನು ತೋರಿಸಿ ನಕ್ಕ, ನಾನೂ ನಕ್ಕೆ, ಆಮೇಲೆ ಇಬ್ಬರೂ ಸುಮ್ಮನಾದೆವು. ಹುದ್ದೆ ಬರುವ ಮೊದಲೇ ಹುದ್ದೆಯ ಹೆಸರು ಬಂದು ಮೈಗೆ ಅಂಟಿಕೊಂಡಿರುತ್ತದೆ. ಪರೀಕ್ಷೆ ಅನ್ನುವುದು ನೀವು ಮಾಡುವ ಒಂದು ಕೆಲಸ ಆಗಿ ಉಳಿಯುವುದಿಲ್ಲ, ನಿಮ್ಮ ಅಡ್ಡಹೆಸರೇ ಆಗಿಬಿಡುತ್ತದೆ. ನಿಮ್ಮ ಊರಿನವರ ‘ಸಾಹೇಬ್ರು’ ಕೂಡ ಅದೇ. ಅವರು ಪ್ರೀತಿಯಿಂದಲೇ ಅಂದಿರಬಹುದು. ಆದರೆ ಮನೆ ಕಟ್ಟುವ ಮೊದಲೇ ಬಾಗಿಲಿಗೆ ಬೋರ್ಡ್ ಹಾಕಿದಂತೆ ಆಯಿತು ಅದು. ಈಗ ನೀವು ಬೋರ್ಡ್ ಹಿಡಿದುಕೊಂಡು ಖಾಲಿ ಸೈಟಿನಲ್ಲಿ ನಿಂತಿದ್ದೀರಿ.

ಈ ವಿಷಯಕ್ಕೆ ಜೀವನವನ್ನೇ ಕೊಟ್ಟ ಒಬ್ಬರ ಕಥೆ ಹೇಳಬೇಕು. ‘ಐಡೆಂಟಿಟಿ ಕ್ರೈಸಿಸ್’ ಅನ್ನುವ ಮಾತನ್ನು ಚಾಲ್ತಿಗೆ ತಂದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್. ಹುಟ್ಟಿದ್ದು 1902ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಲತಂದೆ ಮಕ್ಕಳ ಡಾಕ್ಟರ್, ಹುಡುಗನೂ ಡಾಕ್ಟರ್ ಆಗಲಿ ಅಂತ ಆಸೆ ಇಟ್ಟುಕೊಂಡಿದ್ದರು. ಹುಡುಗ ಕೇಳಲಿಲ್ಲ. ಚಿತ್ರ ಬಿಡಿಸುತ್ತಾ ಯುರೋಪಿನಲ್ಲಿ ಅಲೆದ. 1927ರಲ್ಲಿ, 25ನೇ ವಯಸ್ಸಿಗೆ, ಗೆಳೆಯನೊಬ್ಬ ಕರೆದ ಅಂತ ವಿಯೆನ್ನಾದ ಒಂದು ಸಣ್ಣ ಶಾಲೆಗೆ ಮೇಷ್ಟ್ರಾಗಿ ಹೋದ. ಆ ಶಾಲೆ ಸಿಗ್ಮಂಡ್ ಫ್ರಾಯ್ಡ್ ಮಗಳು ಅನ್ನಾ ಫ್ರಾಯ್ಡ್ ಅವರ ಬಳಗದ್ದು. ಮಕ್ಕಳ ಜೊತೆ ಈತ ಬೆರೆಯುವುದನ್ನು ನೋಡಿ ಅವರು ಮನೋವಿಶ್ಲೇಷಣೆಯ ಕಡೆ ಎಳೆದುಕೊಂಡರು. ಮುಂದೆ ಯಾವ ಯೂನಿವರ್ಸಿಟಿ ಡಿಗ್ರಿಯೂ ಇಲ್ಲದೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದರು. 1939ರಲ್ಲಿ ಅಮೆರಿಕದ ಪ್ರಜೆ ಆದಾಗ ಅಡ್ಡಹೆಸರನ್ನೂ ತಾವೇ ಇಟ್ಟುಕೊಂಡರು. ಎರಿಕ್ಸನ್ ಅಂದರೆ ಎರಿಕ್‌ನ ಮಗ. ತನಗೆ ತಾನೇ ಮಗ!

ನಿಮಗೂ ಹಾಗೆ ಅಲೆಯಿರಿ ಅಂತ ಹೇಳುತ್ತಿಲ್ಲ. ನಾಲ್ಕು ಎಕರೆ ಗೋವಿನಜೋಳದ ಮೇಲೆ ಯಾರೂ ಯುರೋಪ್ ಸುತ್ತಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಎರಿಕ್ಸನ್ ಆ ಅಲೆದಾಟದಿಂದ ಎತ್ತಿಕೊಂಡ ಒಂದು ಮಾತು ನಿಮಗೆ ಬೇಕಾಗುತ್ತದೆ: ಮೊರಟೋರಿಯಂ. ಹೊಸ ಶಬ್ದ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಕೊಟ್ಟಿತ್ತಲ್ಲ, ಅದೇ ಶಬ್ದ. ಹರೆಯ ಮುಗಿದ ಮೇಲೆ, ಸಂಸಾರ ಜವಾಬ್ದಾರಿ ಪೂರ್ತಿ ತಲೆಗೆ ಬರುವ ಮೊದಲು, ಸಮಾಜ ಹುಡುಗ ಹುಡುಗಿಯರಿಗೆ ಒಂದಷ್ಟು ವರ್ಷ ವಿನಾಯಿತಿ ಕೊಡುತ್ತದೆ ಅಂತ ಅವರು ಹೇಳಿದರು. ಆ ವಿನಾಯಿತಿ ಇರುವುದು ಹುಡುಕುವುದಕ್ಕೆ. ಇದು ಆಗುತ್ತಾ ನೋಡೋಣ, ಅದು ಹಿಡಿಸುತ್ತಾ ನೋಡೋಣ ಅಂತ.

ಇಲ್ಲೇ ನಿಮ್ಮ ಗಂಟು ಇರುವುದು. ನಿಮಗೆ ವಿನಾಯಿತಿ ಸಿಕ್ಕಿದೆ, ಏಳು ವರ್ಷದ್ದು. ಹುಡುಕಾಟ ಮಾತ್ರ ಆಗಿಲ್ಲ. ಧಾರವಾಡದ ರೂಮು ಹೊರಗಿನಿಂದ ನೋಡಿದರೆ ‘ಹುಡುಗ ತನ್ನ ದಾರಿ ಹುಡುಕುತ್ತಿದ್ದಾನೆ’ ಅನ್ನುವ ಹಾಗೆ ಕಾಣುತ್ತದೆ. ಒಳಗೆ ಬಂದು ನೋಡಿದರೆ ಅದೇ ಆರು ಪುಸ್ತಕ, ಅದೇ ಸಂವಿಧಾನದ ವಿಧಿಗಳು, ಅದೇ ಖಾನಾವಳಿ, ಅದೇ ‘ನೋಟಿಫಿಕೇಶನ್ ಯಾವಾಗ್ ಬರ್ತೈತಂತ?’. 2020ರ ಆ ಮೊರಟೋರಿಯಂನಲ್ಲಿ ಒಂದು ವಿಷಯ ಬಹಳ ಜನಕ್ಕೆ ತಡವಾಗಿ ಗೊತ್ತಾಯಿತು, ನೆನಪಿದೆಯಾ? ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ.

ಎರಿಕ್ಸನ್ ಹಿಂದೆ ಬಂದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದರು. ಕಾಲೇಜು ಹುಡುಗರನ್ನು ಕೂರಿಸಿಕೊಂಡು ಅವರು ತಿಳಿದುಕೊಳ್ಳಲು ನೋಡಿದ್ದು ಎರಡೇ ವಿಷಯ: ನೀನು ಬೇರೆ ಬೇರೆ ದಾರಿ ನೋಡಿದ್ದೀಯಾ? ಒಂದಕ್ಕೆ ಗಟ್ಟಿಯಾಗಿ ನಿಂತಿದ್ದೀಯಾ? ನೋಡಿ ಆಮೇಲೆ ನಿಂತವರು ಇರುತ್ತಾರೆ. ಇನ್ನೂ ನೋಡುತ್ತಲೇ ಇರುವವರು ಇರುತ್ತಾರೆ. ನೋಡುವುದೂ ಇಲ್ಲ ನಿಲ್ಲುವುದೂ ಇಲ್ಲ ಅಂತ ತೇಲುವವರೂ ಇರುತ್ತಾರೆ. ನಾಲ್ಕನೆಯವರು ಏನನ್ನೂ ನೋಡದೆ, ಯಾರೋ ತೋರಿಸಿದ ಕಡೆ ನೇರವಾಗಿ ಹೋಗಿ ನಿಂತುಬಿಟ್ಟವರು. ಈ ನಾಲ್ಕನೆಯವರು ಎಲ್ಲಾ ಸರಿ ಇರುವವರೆಗೆ ಬಹಳ ಗಟ್ಟಿಗರ ಹಾಗೆ ಕಾಣುತ್ತಾರೆ. ಗುರಿ ಇಟ್ಟುಕೊಂಡ ಹುಡುಗ ಅಂತ ಊರೆಲ್ಲ ಹೊಗಳುತ್ತದೆ. ಆ ಒಂದು ದಾರಿ ಅಲ್ಲಾಡಿದ ದಿನ ಮಾತ್ರ ಕಾಲ ಕೆಳಗೆ ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ.

2018ರಲ್ಲಿ ನೀವು ಪಿಎಸ್‌ಐ ಆಗಬೇಕು ಅಂತ ಹೇಗೆ ತೀರ್ಮಾನ ಮಾಡಿದಿರಿ? ಪತ್ರದಲ್ಲಿ ಅದು ಇಲ್ಲ. ಇಂಥ ಪತ್ರಗಳಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ. ನಾನು ಎದುರಿಗೆ ಕೂರಿಸಿಕೊಂಡು ಕೇಳಿದಾಗ ಹುಡುಗರು ಹೇಳುವುದು ಹೆಚ್ಚುಕಡಿಮೆ ಒಂದೇ. ಹಾಸ್ಟೆಲಿನಲ್ಲಿ ಎಲ್ಲರೂ ಹೊರಟರು ಮೇಡಂ, ನಾನೂ ಬಂದೆ. ಇದರಲ್ಲಿ ತಪ್ಪೇನಿಲ್ಲ. 21ನೇ ವಯಸ್ಸಿಗೆ ಎಲ್ಲರೂ ಹೊರಟ ಬಸ್ಸನ್ನೇ ಹತ್ತುತ್ತಾರೆ. ಆದರೆ ಆ ಆಯ್ಕೆ ಮಾಡಿದವನು 21ರ ಹುಡುಗ, ಅವನಿಗೆ ಗೊತ್ತಿದ್ದ ನೌಕರಿಗಳು ನಾಲ್ಕೋ ಐದೋ. ಇವತ್ತು 28ರವರು ನೀವು. ಅವನು ಹಾಕಿದ ಸಹಿಗೆ ಇನ್ನೂ ಎಷ್ಟು ವರ್ಷ ಕಂತು ಕಟ್ಟುತ್ತೀರಿ?

ಈಗ ಇನ್ನೊಂದು ಕಡೆ ನೋಡಿ, ಯಾಕೆಂದರೆ ನೀವು ಎಲ್ಲಾ ತಪ್ಪನ್ನೂ ನಿಮ್ಮ ತಲೆ ಮೇಲೇ ಹಾಕಿಕೊಂಡು ಬರೆದಿದ್ದೀರಿ. ಆ 545 ಹುದ್ದೆಯ ಪಿಎಸ್‌ಐ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಬರೆದವರು 50 ಸಾವಿರಕ್ಕೂ ಜಾಸ್ತಿ. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಒಂದು ಪರೀಕ್ಷೆ ಎರಡು ಸಲ ಬರೆಯುವುದರಲ್ಲೇ ನಿಮ್ಮ ಎರಡು ವರ್ಷ ಮೂರು ತಿಂಗಳು ಹೋಯಿತು, ಅದೂ 24ರಿಂದ 27ರ ನಡುವಿನ ವಯಸ್ಸು. ಕೆಎಎಸ್ ನೋಡಿ. 2020ರಲ್ಲಿ 106 ಹುದ್ದೆ ಕರೆದರು, ಆಮೇಲೆ ಕರೆದದ್ದು 2024ರಲ್ಲಿ, 384 ಹುದ್ದೆ. ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಹೆಚ್ಚು. ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಕೆಟ್ಟು ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು, ಆಗಲೂ ಅನುವಾದದ ತಕರಾರು ಬಂತು. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆಯುವ ನಿಮ್ಮಂಥವರಿಗೇ ಅದರ ಪೆಟ್ಟು ಬಿದ್ದದ್ದು. ನಡುವೆ 2024ರ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಬಗೆಹರಿಯುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸಚಿವ ಸಂಪುಟ ತೀರ್ಮಾನ ಮಾಡಿತು. ಆ ವಿಷಯ ಬಗೆಹರಿಯಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಯುವವರ ವಯಸ್ಸು ನಿಲ್ಲಲಿಲ್ಲ.

ಇದನ್ನೆಲ್ಲ ಸಮಾಧಾನ ಹೇಳಲು ಬರೆದದ್ದಲ್ಲ. 50 ಸಾವಿರ ಜನ ಬರೆದು 545 ಜನ ಆಯ್ಕೆ ಆಗುವ ಕಡೆ, ಪ್ರತಿ ನೂರಕ್ಕೆ 99 ಜನ ಹೊರಗೇ ಉಳಿಯಬೇಕು. ಎಲ್ಲರೂ ದಿನಕ್ಕೆ 14 ತಾಸು ಓದಿದರೂ ಅಷ್ಟೇ. ಹಾಗಿರುವಾಗ ‘ಆಗಲಿಲ್ಲ’ ಅನ್ನುವ ಫಲಿತಾಂಶ ನಿಮ್ಮ ಬಗ್ಗೆ ಹೇಳುವುದು ಬಹಳ ಕಡಿಮೆ. ಹುದ್ದೆ ಎಷ್ಟಿದ್ದವು ಅನ್ನೋದನ್ನೇ ಅದು ಜಾಸ್ತಿ ಹೇಳುತ್ತದೆ. ನೀವು ಮಾತ್ರ ಅದನ್ನು ನಿಮ್ಮ ಕ್ಯಾರೆಕ್ಟರ್ ಸರ್ಟಿಫಿಕೇಟ್ ಅಂತ ಓದಿಕೊಂಡು ಕೂತಿದ್ದೀರಿ.

ಸರಿ, ನಿಮಗೆ ಬೇಕಾಗಿರುವುದು ಏನು? ಪಿಎಸ್‌ಐ ಅನ್ನುವ ಒಂದೇ ಶಬ್ದದೊಳಗೆ ಮೂರು ಬೇರೆ ಬೇರೆ ಆಸೆ ಸುತ್ತಿಕೊಂಡಿರುತ್ತವೆ. ತಿಂಗಳಿಗೆ ತಪ್ಪದೆ ಬರುವ ಸಂಬಳ ಒಂದು. ಊರಿಗೆ ಹೋದಾಗ ಜನ ಕೊಡುವ ಮರ್ಯಾದೆ ಒಂದು. ಆ ಕೆಲಸ ಇನ್ನೊಂದು. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿಗೆ ಇದನ್ನು ಬಿಡಿಸಿ ಬರೆದುಕೊಂಡು ಬಾ ಅಂದೆ. ಎಂಟು ದಿನ ಬಿಟ್ಟು ಬಂದಳು. ಹಾಳೆಯಲ್ಲಿ ಒಂದೇ ಸಾಲು ಇತ್ತು: ‘ನಾನು ಒಳಗೆ ಬಂದರೆ ನಮ್ಮ ದೊಡ್ಡಪ್ಪ ಎದ್ದು ನಿಲ್ಲಬೇಕು.’ ಅವಳ ಮನೆಯ ಆಸ್ತಿ ಜಗಳದ ಕಥೆ ಅದು, ಇಲ್ಲಿ ಬೇಡ. ಐದು ವರ್ಷ ಅವಳು ಓದಿದ್ದು ತಹಶೀಲ್ದಾರ್ ಆಗುವುದಕ್ಕಲ್ಲ, ದೊಡ್ಡಪ್ಪನನ್ನು ಎಬ್ಬಿಸುವುದಕ್ಕೆ. ಅದು ಕೆಟ್ಟ ಆಸೆ ಅಂತ ನಾನು ಹೇಳಲಿಲ್ಲ. ಅದಕ್ಕೆ ಬೇರೆ ದಾರಿಗಳೂ ಇವೆ ಅಂತ ಮಾತ್ರ ಹೇಳಿದೆ. ಈಗ ಅವಳು ಒಬ್ಬ ಸಿವಿಲ್ ವಕೀಲರ ಹತ್ತಿರ ಜೂನಿಯರ್ ಆಗಿದ್ದಾಳೆ.

ನೀವೂ ಬರೆದು ನೋಡಿ. ಮೂರನೆಯದಕ್ಕೆ, ಅಂದರೆ ಕೆಲಸದ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ ಅಂತ ನನ್ನ ಅನುಮಾನ. ಪಿಎಸ್‌ಐ ಒಬ್ಬರ ಒಂದು ದಿನ ಹೇಗಿರುತ್ತದೆ ಅಂತ ಏಳು ವರ್ಷ ಓದಿದವರಿಗೇ ಗೊತ್ತಿರುವುದಿಲ್ಲ. ಜಾತ್ರೆ ಬಂದೋಬಸ್ತು, ಕೋರ್ಟಿಗೆ ಅಲೆದಾಟ, ರಾತ್ರಿ ಎರಡಕ್ಕೆ ಬರುವ ಫೋನು, ಶವ ಪಂಚನಾಮೆ. ನಿಮ್ಮ ಸೀನಿಯರ್‌ಗಳಲ್ಲಿ ಆಯ್ಕೆಯಾದವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಫೋನ್ ಮಾಡಿ ‘ಎಷ್ಟು ತಾಸು ಓದಿದ್ರಿ?’ ಅಂತ ಕೇಳುವುದು ಬಿಟ್ಟು ‘ನಿನ್ನೆ ಬೆಳಗಿನಿಂದ ಏನೇನ್ ಮಾಡಿದ್ರಿ?’ ಅಂತ ಕೇಳಿ. ಪಿಡಿಒ ಅಂದರೆ ನಿಮ್ಮ ಊರಿನ ಪಂಚಾಯಿತಿ ಆಫೀಸಿನಲ್ಲೇ ಇದ್ದಾರೆ. ಒಂದು ಮಧ್ಯಾಹ್ನ ಹೋಗಿ ಕೂತುಕೊಂಡರೆ ಯಾರೂ ಓಡಿಸುವುದಿಲ್ಲ. ನೋಡಿ ಬಂದ ಮೇಲೂ ಬೇಕು ಅನಿಸಿದರೆ, ಆಗ ಆ ಆಸೆ ಹಾಸ್ಟೆಲ್‌ನಿಂದ ಬಂದದ್ದಾಗಿ ಉಳಿಯುವುದಿಲ್ಲ, ನಿಮ್ಮದೇ ಆಗುತ್ತದೆ.

ಡ್ರಿಪ್ ಕಂಪನಿ ಕೆಲಸಕ್ಕೂ ಅದೇ ಅಳತೆ. ‘ಹೋಗಬೇಕು ಅನಿಸಲ್ಲ’ ಅಂತ ಬರೆದಿದ್ದೀರಿ. ಅನಿಸದೇ ಇರುವುದು ಕೆಲಸಕ್ಕೋ, ಸಾಹೇಬ್ರು ಪೈಪ್ ಮಾರುತ್ತಿದ್ದಾರೆ ಅಂತ ಜನ ಅನ್ನುವುದಕ್ಕೋ? ನೀವು ರೈತರ ಮಗ, ಓದಿದ್ದು ಬಿಎಸ್ಸಿ. ಹೊಲಕ್ಕೆ ಹೋಗಿ ನೀರಿನ ಒತ್ತಡದ ಲೆಕ್ಕ ಹಾಕಿ, ಸಬ್ಸಿಡಿ ಫೈಲು ಮಾಡಿಸಿ ಕೊಡುವ ಕೆಲಸ ನಿಮಗೆ ಒಗ್ಗಲೂಬಹುದು, ಒಗ್ಗದೆಯೂ ಇರಬಹುದು. ರೂಮಿನಲ್ಲಿ ಕೂತು ಯೋಚನೆ ಮಾಡಿದರೆ ಗೊತ್ತಾಗಲ್ಲ. ಈಗ ಆ ಕೆಲಸದಲ್ಲಿ ಇರುವ ಹುಡುಗನ ಬೈಕಿನ ಹಿಂದೆ ಎರಡು ದಿನ ಕೂತು ಸುತ್ತಿ ಬನ್ನಿ. ಹಾಗೇ ಆ 18 ಸಾವಿರದಲ್ಲಿ ಪೆಟ್ರೋಲ್ ಸೇರಿದೆಯೋ ಬೇರೆ ಕೊಡುತ್ತಾರೋ, ಟಾರ್ಗೆಟ್ ಮುಟ್ಟದಿದ್ದರೆ ಕಡಿತ ಇದೆಯೋ, ಇದನ್ನು ಮಾವನಿಗೆ ಕೇಳಬೇಡಿ, ಆ ಹುಡುಗನಿಗೆ ಕೇಳಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವುದು ಅನಿಸಿದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಸಾಲು. ಜೂನಿಯರ್ ಹುಡುಗರಿಗೆ ಹೇಳಿಕೊಡುವಾಗ ಟೈಮ್ ಹೋಗಿದ್ದು ಗೊತ್ತಾಗಲ್ಲ ಅಂದಿರಿ. ಏಳು ವರ್ಷದಲ್ಲಿ ನೀವು ನಿಜವಾಗಿ ಹುಡುಕಾಟ ಅಂತ ಮಾಡಿದ್ದರೆ ಅದೊಂದೇ, ಅದನ್ನೂ ಲೆಕ್ಕಕ್ಕೆ ಹಿಡಿದಿಲ್ಲ ನೀವು. ‘ನಿಮ್ಮ ಪ್ಯಾಶನ್ ಸಿಕ್ಕಿತು, ಹೋಗಿ ಅದನ್ನೇ ಮಾಡಿ’ ಅಂತ ನಾನು ಹೇಳಲ್ಲ. ಆ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬಾಡಿಗೆ, ಮನೆ ಖರ್ಚಿನ ಚಿಂತೆ ಇಲ್ಲದವರು ಕಟ್ಟಿದ ಮಾತು ಅದು. ಇಷ್ಟ ಅನ್ನೋದು ಎಲ್ಲೋ ಒಳಗೆ ಹೂತಿಟ್ಟ ಕೊಪ್ಪರಿಗೆ ಅಲ್ಲ, ಅಗೆದರೆ ಸಿಗಲು. ಬಹಳ ಸಲ ಮಾಡುತ್ತಾ ಮಾಡುತ್ತಾ, ಕೈ ಪಳಗುತ್ತಾ ಬಂದ ಮೇಲೆ ಇಷ್ಟ ಹುಟ್ಟುತ್ತದೆ. ಹಾಗಾಗಿ ಪರೀಕ್ಷೆ ಮಾಡಿ ನೋಡಿ. ಬರುವ ತಿಂಗಳಿಂದ ಸಂಜೆ ಒಂದು ತಾಸು, ಹತ್ತು ಹುಡುಗರು, ತಲೆಗೆ 300 ರೂಪಾಯಿ. ದುಡ್ಡು ತೆಗೆದುಕೊಳ್ಳಲೇಬೇಕು. ಪುಕ್ಕಟೆ ಹೇಳಿಕೊಡುವಾಗ ನೀವು ಒಳ್ಳೆಯ ಅಣ್ಣ. ದುಡ್ಡು ತೆಗೆದುಕೊಂಡಾಗಲೇ ಗೊತ್ತಾಗುವುದು, ಹುಡುಗರು ಎರಡನೇ ತಿಂಗಳೂ ಬರುತ್ತಾರೋ ಇಲ್ಲವೋ, ಮತ್ತೆ ಮತ್ತೆ ಅದೇ ರೈಲಿನ ಲೆಕ್ಕ ಹೇಳಲು ನಿಮಗೆ ಬೇಸರ ಆಗುತ್ತದೋ ಇಲ್ಲವೋ ಅಂತ. ಮೂರು ತಿಂಗಳು ಸಾಕು. ಆದರೆ ಒಂದು ಎಚ್ಚರ. ‘ಹಾಗಾದರೆ ಬಿಎಡ್ ಮಾಡಿ, ಟಿಇಟಿ ಬರೆದು, ಶಿಕ್ಷಕರ ನೇಮಕಾತಿಗೆ ಕಾಯುತ್ತೇನೆ’ ಅಂತ ತಕ್ಷಣ ಹೊರಡಬೇಡಿ. ಅದು ಒಳ್ಳೆಯ ದಾರಿಯೇ ಇರಬಹುದು, ಆದರೆ ಈಗಲೇ ಹೊರಟರೆ ಒಂದು ಸರದಿ ಬಿಟ್ಟು ಇನ್ನೊಂದು ಸರದಿಯ ತುದಿಗೆ ಹೋಗಿ ನಿಂತಂತೆ.

ಈಗ ಬಿಡುವ ವಿಷಯ. ‘ಬಿಟ್ಟುಬಿಡಲಾ’ ಅಂದರೆ ಇವತ್ತೇ ಪೆಟ್ಟಿಗೆ ಕಟ್ಟುವುದು ಅಂತ ನಿಮ್ಮ ತಲೆಯಲ್ಲಿದೆ. ಹಾಗೆ ಬಿಟ್ಟವರನ್ನು ನೋಡಿದ್ದೇನೆ, ಆರು ತಿಂಗಳಲ್ಲಿ ವಾಪಸ್ ಅದೇ ರೂಮಿಗೆ ಬರುತ್ತಾರೆ. ಕಾರ್ಸ್ಟನ್ ರಾಶ್ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಕೈಗೆ ಸಿಗದ ಗುರಿಯನ್ನು ಬಿಡಲು ಬಂದವರು, ಬಿಟ್ಟು ಬೇರೆ ಒಂದನ್ನು ಹಿಡಿಯಲು ಬಂದವರು, ಹೆಚ್ಚು ನೆಮ್ಮದಿಯಿಂದ ಇರುತ್ತಾರೆ ಅಂತ ಅವರಿಗೆ ಕಂಡಿತು. ಈ ಎರಡನೇ ಭಾಗವನ್ನು ನಮ್ಮಲ್ಲಿ ಮರೆಯುತ್ತಾರೆ. ಕೈ ಬಿಡುವ ಮೊದಲು ಇನ್ನೊಂದು ಕೊಂಬೆ ಕೈಗೆ ತಾಗುತ್ತಿರಬೇಕು. ಅದಕ್ಕೇ ಮೇಲೆ ಅಷ್ಟುದ್ದ ಬೈಕು, ಟ್ಯೂಷನ್ನು ಅಂತ ಬರೆದದ್ದು.

ಒಂದು ತಾರೀಕು ಹಾಕಿಕೊಳ್ಳಿ. ‘ಇದೇ ಕೊನೆ ಅಟೆಂಪ್ಟ್’ ಅನ್ನುವುದು ತಾರೀಕಲ್ಲ, ಯಾಕೆಂದರೆ ಪರೀಕ್ಷೆಯೇ ಮುಂದೆ ಹೋಗುತ್ತಿರುತ್ತದೆ. ಕ್ಯಾಲೆಂಡರಿನ ತಾರೀಕು ಬೇಕು. ಬರುವ ಯುಗಾದಿ ಅನ್ನಿ, ನಿಮ್ಮ 29ನೇ ಹುಟ್ಟುಹಬ್ಬ ಅನ್ನಿ. ಅಲ್ಲಿಯವರೆಗೆ ಐದು ಪರೀಕ್ಷೆಗೆ ಹಂಚುವುದು ಬಿಟ್ಟು ಒಂದನ್ನು ಇಟ್ಟುಕೊಳ್ಳಿ. ಅರ್ಧ ದಿನ ಓದು, ಅರ್ಧ ದಿನ ದುಡಿಮೆ. ಓದುವ ಸಮಯ ಕಡಿಮೆ ಆಗುತ್ತದೆ ಅಂತ ಹೆದರಿಕೆ ಆಗಬಹುದು. ಈಗ ಓದೋಕೆ ಕೂರೋಕೇ ಆಗ್ತಿಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಿದ್ದ ಮೇಲೆ ಕಳೆದುಕೊಳ್ಳುವುದು ಏನಿದೆ? ಆ ತಾರೀಕಿಗೆ ಏನಾಗಿದ್ದರೆ ಮುಂದುವರಿಯುತ್ತೇನೆ, ಏನಾಗದಿದ್ದರೆ ನಿಲ್ಲಿಸುತ್ತೇನೆ ಅಂತ ಈಗಲೇ ಬರೆದಿಡಿ. ಉದಾಹರಣೆಗೆ ಮಾಕ್ ಟೆಸ್ಟಿನಲ್ಲಿ ಹಿಂದಿನ ಕಟ್ ಆಫ್‌ಗಿಂತ ಮೇಲೆ ಸತತವಾಗಿ ಬರುತ್ತಿದೆಯಾ ಅಂತ. ಬರೆದ ಹಾಳೆಯನ್ನು ಒಬ್ಬರ ಕೈಗೆ ಕೊಡಿ. ರೂಮ್‌ಮೇಟ್ ಬೇಡ, ಅವನೂ ಅದೇ ದೋಣಿಯಲ್ಲಿದ್ದಾನೆ.

‘ಕೆಎಎಸ್‌ಗೆ ಇನ್ನೂ ವಯಸ್ಸಿದೆ’ ಅಂತ ಯಾರಾದರೂ ಹೇಳುತ್ತಾರೆ. ಹೌದು, ಪಿಎಸ್‌ಐಗಿಂತ ಜಾಸ್ತಿ ವರ್ಷ ಬರೆಯಬಹುದು. ಆದರೆ ಅರ್ಜಿ ಹಾಕಲು ಆಗುತ್ತದೆ ಅನ್ನುವುದು ಹಾಕಲು ಕಾರಣ ಆಗುವುದಿಲ್ಲ. ‘ಏಳು ವರ್ಷ ಹಾಕಿದ್ದೇನೆ, ಈಗ ಬಿಟ್ಟರೆ ಎಲ್ಲಾ ನೀರಲ್ಲಿ ಹೋಮ’ ಅಂತ ನಿಮ್ಮ ಮನಸ್ಸೇ ಹೇಳುತ್ತದೆ. ಬಸ್ಸಿಗೆ ಎರಡು ತಾಸು ಕಾದಿದ್ದೇನೆ ಅನ್ನುವ ಕಾರಣಕ್ಕೆ ಬಸ್ಸು ಬರುವುದಿಲ್ಲ, ಅಲ್ವಾ? ಅದೂ ಅಲ್ಲದೆ ಏಳು ವರ್ಷದ ಓದು ಎಲ್ಲಿಗೂ ಹೋಗಿಲ್ಲ. ನೀವು ಒಂದು ಸರ್ಕಾರಿ ಆದೇಶ ಓದಿ ಅರ್ಥ ಮಾಡಿಕೊಳ್ಳಬಲ್ಲಿರಿ, ಪತ್ರಿಕೆ ಓದಬಲ್ಲಿರಿ, ಲೆಕ್ಕ ಮಾಡಬಲ್ಲಿರಿ, ಬೇಸರದಲ್ಲೂ ದಿನಗಟ್ಟಲೆ ಕೂರಬಲ್ಲಿರಿ. ಇದನ್ನು ಬಯೋಡೇಟಾದಲ್ಲಿ ಹೇಗೆ ಬರೆಯುವುದು ಅನ್ನೋದು ಬೇರೆ ಕಷ್ಟ. ಬೇಕಿದ್ದರೆ ಇನ್ನೊಂದು ಪತ್ರ ಹಾಕಿ.

ಅಪ್ಪನ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅದಕ್ಕೇ ಅದು ದೊಡ್ಡದು ಅಂತ ಗೊತ್ತಾಯಿತು. ತಿಂಗಳಿಗೆ 6 ಸಾವಿರ ಅಂತ ಹಿಡಿದರೂ ಏಳು ವರ್ಷಕ್ಕೆ 5 ಲಕ್ಷದ ಮೇಲೆ ಆಗುತ್ತದೆ. ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ, ರಾತ್ರಿ ಎರಡಕ್ಕೆ ನೀವು ಮಾಡುತ್ತಿರುವುದೇ ಈ ಲೆಕ್ಕ ಅಂತ ಅನಿಸುತ್ತದೆ. ಆದರೆ ನೀವು ಅಪ್ಪನನ್ನು ಒಂದು ಸಲವಾದರೂ ಕೇಳಿದ್ದೀರಾ? ನಾನು ಇಂಥ ಅಪ್ಪಂದಿರನ್ನೂ ಕೂರಿಸಿಕೊಂಡು ಮಾತಾಡಿದ್ದೇನೆ. ಎಷ್ಟೋ ಜನ ಹೇಳಿದ್ದು, ‘ಬಿಡಂದ್ರ ಹುಡುಗ ಮನಸ್ಸಿಗೆ ಹಚ್ಗೊಂತಾನ, ಅದಕ್ಕ ಸುಮ್ನ ಕಳಸ್ತೀನ್ರೀ.’ ಮಗ ಅಪ್ಪನಿಗೋಸ್ಕರ ಓದುತ್ತಿರುತ್ತಾನೆ, ಅಪ್ಪ ಮಗನಿಗೋಸ್ಕರ ದುಡ್ಡು ಕಳಿಸುತ್ತಿರುತ್ತಾನೆ, ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಬಾಯಿ ಬಿಡುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇದೆ ಅಂತ ನಾನು ಹೇಳಲಾರೆ. ಆದರೆ ಊರಿಗೆ ಹೋದಾಗ ಮನೆಯಲ್ಲಿ ಬೇಡ, ಹೊಲದಲ್ಲಿ, ಕೆಲಸ ಮಾಡುತ್ತಾ ಕೇಳಿ. ಮುಖ ಮುಖ ನೋಡಿಕೊಂಡು ಆಡಲಾಗದ ಮಾತು ಕೈಯಲ್ಲಿ ಕೆಲಸ ಇದ್ದಾಗ ಬರುತ್ತದೆ. ತಾರೀಕು ಬರೆದ ಹಾಳೆ ಕೊಡಲು ಬಹುಶಃ ಅವರೇ ಸರಿಯಾದ ಜನ.

ನನ್ನದೂ ಒಂದು ಹೇಳಿಬಿಡುತ್ತೇನೆ. 26ನೇ ವಯಸ್ಸಿಗೆ ನಾನು ಅರ್ಧ ಮಾಡಿದ್ದ ಪಿಎಚ್‌ಡಿ ಬಿಟ್ಟೆ. ವಿಷಯ ಬೇರೆ, ಕಾರಣಗಳೂ ಬೇರೆ. ಬಿಟ್ಟು ಎರಡು ವರ್ಷ ಆದರೂ ನಮ್ಮ ಅಮ್ಮ ನೆಂಟರಿಗೆ ‘ಥೀಸಿಸ್ ಬರೀಲಿಕ್ಕೆ ಹತ್ಯಾಳ’ ಅಂತಲೇ ಹೇಳುತ್ತಿದ್ದಳು. ನಾನೂ ತಿದ್ದಲಿಲ್ಲ, ಯಾಕೆಂದರೆ ಬೇರೆ ಏನು ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ನಿಮ್ಮ ಪತ್ರದ ಕೊನೆ ಸಾಲು ಓದಿದಾಗ ನೆನಪಾದದ್ದು ಆ ಎರಡು ವರ್ಷ.

ನಿದ್ದೆ ಬರಲ್ಲ ಅಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಮೂರು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಊಟ ಸೇರದಿದ್ದರೆ, ಬದುಕಿ ಏನು ಉಪಯೋಗ ಅನ್ನುವ ಯೋಚನೆ ಒಂದು ಸಲ ಬಂದರೂ ಸರಿ, ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ‘ಅದು ಹುಚ್ಚರ ದವಾಖಾನೆ’ ಅಂತ ನಿಮ್ಮ ರೂಮಿನಲ್ಲಿ ಯಾರಾದರೂ ನಗಬಹುದು, ನಗಲಿ. ನಿದ್ದೆ ಕೆಟ್ಟ ತಲೆಯಲ್ಲಿ ಬಿಡುವ ತೀರ್ಮಾನವನ್ನೂ ಮಾಡಬಾರದು, ಮುಂದುವರಿಯುವ ತೀರ್ಮಾನವನ್ನೂ ಮಾಡಬಾರದು.

ಮದುವೆ ಸಂಬಂಧದ ಪ್ರಶ್ನೆ ನೀವು ಎತ್ತಿಲ್ಲ, ಹಾಗಾಗಿ ನಾನೂ ಎತ್ತಲ್ಲ. ಗೌರ್ಮೆಂಟ್ ನೌಕರಿ ಇದ್ದರೆ ಮಾತ್ರ ಹೆಣ್ಣು ಕೊಡುತ್ತೇವೆ ಅನ್ನುವವರ ಮನೆಗೆ ಅಳಿಯನಾಗಿ ಹೋಗಬೇಕಾ ಅಂತ ಒಂದು ಸಲ ಯೋಚನೆ ಮಾಡಿ, ಅಷ್ಟೇ.

ಕೊನೆಗೆ ನೀವು ಹೋಗದೆ ಬಿಟ್ಟ ಮದುವೆಗಳ ಬಗ್ಗೆ. ನೀವು ತಪ್ಪಿಸಿಕೊಳ್ಳುತ್ತಿರುವುದು ಮದುವೆಯನ್ನಲ್ಲ, ಊಟದ ಸಾಲಿನಲ್ಲಿ ಪಕ್ಕದವರು ಕೇಳುವ ‘ಈಗ ಏನ್ ಮಾಡಾಕತ್ತಿ?’ ಅನ್ನುವ ಒಂದು ಪ್ರಶ್ನೆಯನ್ನು. ಅದಕ್ಕೆ ನಿಮ್ಮ ಹತ್ತಿರ ಏಳು ವರ್ಷದಿಂದ ಒಂದೇ ಉತ್ತರ ಇತ್ತು, ಅದು ಹಳಸಿತು. ಮೂರು ತಿಂಗಳು ಮೇಲೆ ಹೇಳಿದ ಹಾಗೆ ಮಾಡಿದರೆ ನಿಮ್ಮ ಹತ್ತಿರ ಬೇರೆ ಸಾಲು ಇರುತ್ತದೆ: ‘ಡ್ರಿಪ್ ಕೆಲಸಕ್ಕ ಹೊಂಟೇನಿ, ಸಂಜೀಕ ಹುಡುಗರಿಗೆ ಲೆಕ್ಕ ಹೇಳಿಕೊಡ್ತೇನಿ, ಒಂದು ಪರೀಕ್ಷೆನೂ ಐತಿ.’ ಇದರಲ್ಲಿ ಸುಳ್ಳಿಲ್ಲ. ಕನ್ನಡಿ ಮುಂದೆ ಎರಡು ಸಲ ಹೇಳಿಕೊಂಡು ಹೋಗಿ, ನಾಚಿಕೆ ಬೇಡ. ‘ಸಾಹೇಬ್ರ’ ಅಂದವರಿಗೆ ‘ಹೆಸರು ಹಿಡಿದು ಕರೀರಿ ಕಾಕಾ’ ಅನ್ನಿ. ಆಮೇಲೆ ಏನಾಗುತ್ತದೆ ಅಂತ ನೋಡಿ. ಕೇಳಿದ ಕಾಕಾ ‘ಹೌದಾ, ಛಲೋ ಆತು’ ಅಂತ ಹೇಳಿ, ನಿಮ್ಮ ಎಲೆಗೆ ಹೋಳಿಗೆ ಬಂದಿಲ್ಲ ಅಂತ ಬಡಿಸುವವನನ್ನು ಕೂಗುತ್ತಾರೆ.